ಮಂಗಳವಾರದ ಲೆಕ್ಕ ಹಾಕಿ ಕೆಮ್ನಿಟ್ಸ್‌ಗೆ ಬಂದೆವು

ಹೋದ ತಿಂಗಳು ಮ್ಯೂನಿಕ್‌ನಲ್ಲಿರುವ ನಮ್ಮ ದೊಡ್ಡಪ್ಪನ ಮಗ ಫೋನ್ ಮಾಡಿದ. ಅದೂ ಇದೂ ಮಾತಾಡಿ, ಕಡೆಗೆ ಮೆಲ್ಲಗೆ "ನಿನ್ನ ಆ ಎಕ್ಸೆಲ್ ಶೀಟ್ ಇನ್ನೂ ಇದೆಯೇನೋ?" ಅಂದ. ಜರ್ಮನಿಯ ಯಾವ ಊರಿಗೆ ಹೋಗೋದು ಅಂತ ನಾನು ಲೆಕ್ಕ ಹಾಕಿದ್ದ ಶೀಟ್ ಅದು, ಅದನ್ನು ನಂಬಿಯೇ ಪೂರ್ವ ಭಾಗದ ಸಾಕ್ಸನಿ ರಾಜ್ಯದ ಕೆಮ್ನಿಟ್ಸ್‌ಗೆ ಬಂದದ್ದು. 2023ರಲ್ಲಿ ಇದೇ ಶೀಟ್ ನೋಡಿ ಅವನ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. "ಜರ್ಮನಿಗೆ ಬರೋನು ಕೆಮ್ನಿಟ್ಸ್‌ಗೆ ಹೋಗ್ತಾನಾ? ಬೆಂಗಳೂರಲ್ಲಿ ಕೆಲಸ ಹುಡ್ಕೋಕೆ ಬಂದೋನು ಶಿರಾದಲ್ಲಿ ಇಳ್ಕೊಂಡಂಗಾಯ್ತು" ಅಂತ. ಶೀಟ್ ಕಳಿಸಿದ್ದೇನೆ, ಎರಡು ಕಾಲಂ ಅಳಿಸಿ. ಅವನಿಗೆ ಅಷ್ಟು ಸಾಕು.

ನಾನು ಪೀಣ್ಯದಲ್ಲಿ ಹನ್ನೊಂದು ವರ್ಷ ಸಿಎನ್‌ಸಿ ಮೆಷಿನ್‌ಗಳ ಜೊತೆ ಏಗಿದವನು. ಹೊರಗೆ ಹೋಗಬೇಕು ಅನ್ನೋ ಹುಚ್ಚು 2021ರಲ್ಲಿ ಹತ್ತಿತು, ಎಲ್ಲರ ಹಾಗೆ ಕೆನಡಾದಿಂದಲೇ. ಒಬ್ಬ ಕನ್ಸಲ್ಟೆಂಟ್‌ಗೆ 85,000 ಕಟ್ಟಿದೆ. ಅವರು ಮಾಡಿದ್ದೆಲ್ಲ ನಾನೇ ಒಂದು ಭಾನುವಾರ ಕೂತು ಮಾಡಬಹುದಾದ ಕೆಲಸ ಅಂತ ಆಮೇಲೆ ಗೊತ್ತಾಯಿತು. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಎರಡು ಸಲ, ನಮ್ಮ ಡಿಗ್ರಿಯನ್ನು ಅಲ್ಲಿನ ಲೆಕ್ಕಕ್ಕೆ ತೂಗುವ ವೆಸ್ ರಿಪೋರ್ಟ್, ಅದಕ್ಕೆ ಯೂನಿವರ್ಸಿಟಿಯ ಸೀಲ್ ಹಾಕಿದ ಕವರ್, ಕೊರಿಯರ್ ಎಲ್ಲ ಸೇರಿ ಒಟ್ಟು ಒಂದು ಲಕ್ಷ 40 ಸಾವಿರದ ಹತ್ತಿರ ಹೋಯಿತು. ಸಿಆರ್‌ಎಸ್ ಸ್ಕೋರ್, ಅಂದರೆ ವಯಸ್ಸು, ಓದು, ಅನುಭವ ನೋಡಿ ಕೆನಡಾ ಕೊಡುವ ಅಂಕ, 462ರಲ್ಲಿ ನಿಂತಿತು. ಆ ಹೊತ್ತಿಗೆ ನಮ್ಮಂಥ ಹೊರಗಿನವರನ್ನು ಅಂಕದ ಮೇಲೆ ಆರಿಸುವ ಡ್ರಾ ನಿಲ್ಲಿಸಿ ವರ್ಷದ ಮೇಲಾಗಿತ್ತು. 2022ರ ಜುಲೈನಲ್ಲಿ ಮತ್ತೆ ಶುರು ಮಾಡಿದಾಗ ಕಟಾಫ್ 557. ನಡುವೆ ನನ್ನ ಹುಟ್ಟುಹಬ್ಬ ಬಂತು. ಮನೆಯಲ್ಲಿ ಕೇಕ್ ಕತ್ತರಿಸಿದರು, ಅಲ್ಲಿ ವಯಸ್ಸಿನ ಲೆಕ್ಕಕ್ಕೆ ಐದು ಅಂಕ ಕತ್ತರಿಸಿದರು.

ಒಂದು ರಾತ್ರಿ ಲ್ಯಾಪ್‌ಟಾಪ್ ಮುಂದೆ ಟೊರಾಂಟೊದ ಫೋಟೋ ನೋಡುತ್ತ ಕೂತಿದ್ದೆ. ನನ್ನ ಹೆಂಡತಿ ಬಟ್ಟೆ ಮಡಿಸುತ್ತ ಕೇಳಿದಳು: "ಅಲ್ಲಿ ಮಂಗಳವಾರ ಏನ್ ಮಾಡ್ತೀವಿ?" ನನಗೆ ಅರ್ಥವಾಗಲಿಲ್ಲ. "ಭಾನುವಾರ ನಯಾಗರಾ ಸರಿ. ಮಂಗಳವಾರ ಬೆಳಿಗ್ಗೆ ಎಷ್ಟಕ್ಕೆ ಎದ್ದು, ಯಾವ ಬಸ್ ಹತ್ತಿ, ಮಗೂನ ಎಲ್ಲಿ ಬಿಟ್ಟು, ಸೊಪ್ಪು ಎಲ್ಲಿ ತಗೊಂಡು ಬರ್ತೀವಿ?" ಉತ್ತರ ಇರಲಿಲ್ಲ. ಇಡೀ ಐಡಿಯಾ ಅವಳದು, ಒಪ್ಪಿಕೊಂಡುಬಿಡುತ್ತೇನೆ. ಶೀಟ್ ಮಾತ್ರ ನನ್ನದು.

ಅವತ್ತಿಂದ ದೇಶ ಹುಡುಕುವುದು ಬಿಟ್ಟು ಊರು ಹುಡುಕಲು ಶುರು ಮಾಡಿದೆ. ನನ್ನ ಕೆಲಸಕ್ಕೆ ಮೆಷಿನ್ ಟೂಲ್ ಕಂಪನಿಗಳಿರುವ ಊರೇ ಬೇಕು. ಹಾಗೆ ನೋಡಿದಾಗ ಜರ್ಮನಿ ತಾನಾಗಿಯೇ ಮೇಲೆ ಬಂತು. ಸುಮಾರು 70 ಊರು, 17 ಕಾಲಂ. ಪ್ರತಿ ಊರಿಗೂ ಒಂದು ಮಂಗಳವಾರ ಬರೆದೆ: ಕಾರ್ಖಾನೆಗೆ ಟ್ರಾಮ್ ಎಷ್ಟು ನಿಮಿಷ, ಕಿಟಾ (ಮಕ್ಕಳನ್ನು ಬಿಡುವ ಶಿಶುವಿಹಾರ) ಎಷ್ಟು ದೂರ, ಸಂಜೆ ಆರಕ್ಕೆ ಅಕ್ಕಿ ಸಿಗುತ್ತಾ, 60 ಚದರ ಮೀಟರ್‌ಗೆ ವಾರ್ಮ್‌ಮೀಟ (ಹೀಟಿಂಗ್ ಸೇರಿದ ಬಾಡಿಗೆ) ಸಂಬಳದ ಎಷ್ಟು ಪಾಲು. ಬಾಡಿಗೆ ಪಾಲು 25 ಪ್ರತಿಶತ ದಾಟಿದ ಊರನ್ನು ಕೆಂಪು ಮಾಡಿದೆ. ಮ್ಯೂನಿಕ್, ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್ ಮೊದಲ ರಾತ್ರಿಯೇ ಕೆಂಪು. ಒಂದು ಕಾಲಂ ಇದೆ, ಅದೊಂದರಿಂದಲೇ 70ರಲ್ಲಿ 40 ಊರು ಉದುರಿಹೋದವು. ಅದೇನು ಅಂತ ಇಲ್ಲಿ ಬರೆಯಲ್ಲ, ಅಳಿಸಿದ ಎರಡರಲ್ಲಿ ಅದೂ ಒಂದು.

ಜೊತೆಗೆ ಜರ್ಮನಿಯ ಬದುಕಿಗೆ ಬೆಂಗಳೂರಲ್ಲೇ ಒಂದು ರಿಹರ್ಸಲ್ ಮಾಡಿದೆವು, 2023ರ ಜನವರಿಯಿಂದ ಮಾರ್ಚ್ ತನಕ. ಕೆಲಸದವರಿಲ್ಲ, ಕಾರಿಲ್ಲ, ಮನೆಬಾಗಿಲಿಗೆ ತರಿಸುವುದಿಲ್ಲ, ಅಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತೆ ಅಂತ ಭಾನುವಾರ ಒಂದು ಬೆಂಕಿಪೊಟ್ಟಣವನ್ನೂ ಕೊಳ್ಳುವಂತಿಲ್ಲ. ಮೊದಲ ಭಾನುವಾರವೇ ಹಾಲು ಒಡೆಯಿತು. ಮಗಳಿಗೆ ಮೂರು ವರ್ಷ, ಅವಳಿಗೆ ರೂಲ್ಸ್ ಹೇಳೋದು ಹೇಗೆ? ನಮ್ಮತ್ತೆ ಎದುರು ಮನೆಯಿಂದ ಲೋಟ ಹಾಲು ತಂದು ನನ್ನ ಮುಂದೆ ಕುಕ್ಕಿ "ನಿಮ್ಮ ಜರ್ಮನಿ ಗೇಟಿನಾಚೆ ಇಟ್ಕೊಳ್ಳಿ" ಅಂದರು. ಮೂರನೇ ವಾರದಲ್ಲಿ ಪಾತ್ರೆ ತೊಳೆಯೋ ವಿಷಯಕ್ಕೆ ನಾವಿಬ್ಬರು ಎರಡು ದಿನ ಮಾತಾಡಲಿಲ್ಲ. ಆದರೂ ತಿಂಗಳಿಗೆ 14 ಸಾವಿರದಷ್ಟು ಉಳಿಯಿತು. ಅದೇ ದುಡ್ಡು ಜರ್ಮನ್ ಕ್ಲಾಸಿಗಾಯಿತು.

ಚಳಿಯ ಪ್ರಯೋಗವೂ ಒಂದು ಮಾಡಿದೆ, ಹೇಳಲು ನಾಚಿಕೆ. ಗೆಳೆಯನೊಬ್ಬನ ಐಸ್‌ಕ್ರೀಂ ಗೋಡೌನ್‌ನಲ್ಲಿ, ಮೈನಸ್ 18ರಲ್ಲಿ, ಎರಡು ಸ್ವೆಟರ್ ಹಾಕಿ ಹತ್ತು ನಿಮಿಷ ನಿಂತೆ. ಹೊರಗೆ ಬಂದು ಗೆದ್ದೆ ಅಂದುಕೊಂಡೆ. ಇಲ್ಲಿ ಬಂದ ಮೇಲೆ ತಿಳಿಯಿತು, ಚಳಿ ಒಂದು ವಿಷಯವೇ ಅಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯ ಮುಳುಗುತ್ತಾನಲ್ಲ, ಅದು ಜೀವ ಹಿಂಡುತ್ತದೆ. ಅದಕ್ಕೆ ಗೋಡೌನ್ ಎಲ್ಲೂ ಸಿಗಲ್ಲ.

ಭಾಷೆ: ಜರ್ಮನ್ ಪರೀಕ್ಷೆಯ ಬಿ1 ಹಂತದಲ್ಲಿ (ಎ2 ಆದ ಮೇಲಿನದು) ಮೊದಲ ಸಲ ಹ್ಯೋರೆನ್, ಅಂದರೆ ಕೇಳಿ ಅರ್ಥಮಾಡಿಕೊಳ್ಳುವ ಭಾಗ, ಮಾತ್ರ ಕೈಕೊಟ್ಟಿತು, 60 ಬೇಕಿತ್ತು, 53 ಬಂತು. ಬಿ1ರ ಒಂದೊಂದು ಮಾಡ್ಯೂಲ್ ಬೇರೆಯಾಗಿ ಬರೆಯಬಹುದು, ಅಷ್ಟು ಪುಣ್ಯ. ಎರಡು ತಿಂಗಳು ದಿನಾ ಸಿಟಿ ಬಸ್ಸಿನ ಗಲಾಟೆಯಲ್ಲೇ ಇಯರ್‌ಫೋನ್ ಹಾಕಿ ಕೇಳಿದೆ. ಪೀಣ್ಯ–ಯಶವಂತಪುರ ಟ್ರಾಫಿಕ್ ನಡುವೆ ಅರ್ಥವಾದ ಜರ್ಮನ್ ಎಲ್ಲಿ ಬೇಕಾದರೂ ಅರ್ಥವಾಗುತ್ತೆ. ಎರಡನೇ ಸಲ 80ರ ಮೇಲೆ.

ಕೆಲಸಕ್ಕೆ 140ರಷ್ಟು ಅರ್ಜಿ ಹಾಕಿದೆ. 20-22 ಉತ್ತರ, ಐದು ಇಂಟರ್‌ವ್ಯೂ, ಎರಡು ಆಫರ್. ಪೋರ್ಟಲ್‌ಗಳಿಂದ ಬಂದದ್ದು ಸೊನ್ನೆ. ಫಲ ಕೊಟ್ಟದ್ದು ತುಮಕೂರು ರಸ್ತೆಯ ಇಮ್ಟೆಕ್ಸ್ ಮೆಷಿನ್ ಟೂಲ್ ಮೇಳ. 2023ರ ಜನವರಿಯಲ್ಲಿ ಜರ್ಮನ್ ಸ್ಟಾಲ್‌ಗಳ ಮುಂದೆ ಎಲ್ಲರೂ ಕ್ಯಾಟಲಾಗ್, ಪೆನ್ನು ಎತ್ತಿಕೊಳ್ಳುತ್ತಿದ್ದರು. ನಾನು ಅರೆಬೆಂದ ಎ2 ಜರ್ಮನ್‌ನಲ್ಲಿ ಸ್ಪಿಂಡಲ್ ಬೇರಿಂಗ್ ಬಗ್ಗೆ ಕೇಳಿದೆ. ಆ ವಯಸ್ಸಾದ ಮನುಷ್ಯ ನನ್ನ ವ್ಯಾಕರಣ ತಿದ್ದಿ, ಕಾಫಿ ಕೊಟ್ಟು, ಕಾರ್ಡ್ ಕೊಟ್ಟ. ಆ ಕಾರ್ಡ್ ಹಿಡಿದು ಆಮೇಲೆ ಯಾರಿಗೆ, ಯಾವ ದಿನ, ಏನಂತ ಮೇಲ್ ಬರೆದೆ ಅನ್ನೋದು ನನ್ನ ಹತ್ತಿರವೇ ಇರಲಿ. ಇಬ್ಬರು ತಮ್ಮಂದಿರು ಇನ್ನೂ ಅದೇ ದಾರಿಯಲ್ಲಿದ್ದಾರೆ.

ಆ ವರ್ಷ ಸೆಪ್ಟೆಂಬರ್‌ನಲ್ಲಿ ಕಂಪನಿ ನನ್ನನ್ನು ಹ್ಯಾನೋವರ್‌ನ ಇಎಂಒ ಮೆಷಿನ್ ಟೂಲ್ ಮೇಳಕ್ಕೆ ಕಳಿಸಿತು. ಹತ್ತು ದಿನ ರಜೆ ಸೇರಿಸಿಕೊಂಡೆ. ಆಗ 49 ಯೂರೋ ಇದ್ದ ಡಾಯ್ಚ್‌ಲಾಂಡ್‌ಟಿಕೆಟ್ (ಲೋಕಲ್ ರೈಲು, ಬಸ್ಸುಗಳ ತಿಂಗಳ ಪಾಸ್) ತಗೊಂಡು ಲೋಕಲ್ ರೈಲುಗಳಲ್ಲೇ ಸುತ್ತಿದೆ. ಹತ್ತನೇ ತಾರೀಖಿನೊಳಗೆ ಕ್ಯಾನ್ಸಲ್ ಮಾಡಬೇಕು ಅನ್ನೋದು ಮರೆತು, ಬೆಂಗಳೂರಲ್ಲಿ ಕೂತು ನವೆಂಬರ್‌ಗೂ 49 ಕಟ್ಟಿದೆ.

ಕೆಮ್ನಿಟ್ಸ್‌ಗೆ ಅಸಲಿ ಮಂಗಳವಾರವೇ ಸಿಕ್ಕಿತು, ಸೆಪ್ಟೆಂಬರ್ 26. ಬೆಳಿಗ್ಗೆ ಆರೂಕಾಲಿಗೆ ಶಿಫ್ಟಿನವರ ಜೊತೆ ಟ್ರಾಮ್ ಹತ್ತಿದೆ. ಯಾರೂ ಮಾತಾಡಲ್ಲ, ಯಾರೂ ನಗಲ್ಲ, ಆದರೆ ಟ್ರಾಮ್ ನಿಮಿಷಕ್ಕೆ ಸರಿಯಾಗಿ ಬಂತು. ಹತ್ತು ಗಂಟೆಗೆ ಲೈಬ್ರರಿ: ಹಳೆಯ ಟೀಟ್ಸ್ ಅಂಗಡಿ ಕಟ್ಟಡ, ಒಳಾಂಗಣದಲ್ಲಿ 29 ಕೋಟಿ ವರ್ಷ ಹಳೆಯ, ಕಲ್ಲಾದ ಮರದ ಬೊಡ್ಡೆಗಳು ನಿಂತಿವೆ. ನಾಲ್ಕಕ್ಕೆ ಆಟದ ಮೈದಾನದ ಬೆಂಚಲ್ಲಿ ಕೂತೆ, ಅಲ್ಲೊಬ್ಬ ತೆಲುಗು ತಾಯಿ ಸಿಕ್ಕರು. ಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಇರುವುದರಿಂದ ನಮ್ಮ ಕಡೆಯ ಹುಡುಗರು ಧಾರಾಳ. ಐದೂವರೆಗೆ ತರಕಾರಿ ಬೆಲೆ ಬರೆದುಕೊಂಡೆ. 1990ರ ತನಕ ಈ ಊರಿನ ಹೆಸರು ಕಾರ್ಲ್-ಮಾರ್ಕ್ಸ್-ಸ್ಟಾಟ್. ಏಳು ಮೀಟರ್ ಎತ್ತರದ ಮಾರ್ಕ್ಸ್ ತಲೆ ರಸ್ತೆ ಬದಿ ಈಗಲೂ ಇದೆ. ಅದರ ಮುಂದೆ ಕೂತೇ ನನ್ನ ಖರ್ಚಿನ ಲೆಕ್ಕ ಕೂಡಿದೆ.

ಮ್ಯೂನಿಕ್‌ನಲ್ಲಿ ಆಗ ಆಕ್ಟೋಬರ್‌ಫೆಸ್ಟ್. ಬಿಯರ್ ಹಬ್ಬದ ಹೋಟೆಲ್ ಬೆಲೆ ಕೇಳಿ ಅಣ್ಣನ ಮನೆ ಸೋಫಾ ಹಿಡಿದೆ. ಅಲ್ಲೇ ಆ ನಗು. ಆಮೇಲೆ ಟ್ಯೂಬಿಂಗೆನ್. ಅದು ಲೆಕ್ಕದಲ್ಲಿ ಇರಲಿಲ್ಲ, ಕಿಟೆಲ್ ಸಲುವಾಗಿ ಹೋದೆ. 1894ರಲ್ಲಿ ಮಂಗಳೂರಲ್ಲಿ ನಿಘಂಟು ಅಚ್ಚು ಹಾಕಿಸಿದ ಮನುಷ್ಯ 1903ರಲ್ಲಿ ತೀರಿಕೊಂಡದ್ದು ಆ ಊರಲ್ಲಿ. ನೆಕ್ಕಾರ್ ದಂಡೆಯ ಮನೆಗಳನ್ನು ನೋಡಿ ಒಂದು ಗಂಟೆ ಕಾಲ ಶೀಟ್ ಹರಿದುಹಾಕಬೇಕು ಅನ್ನಿಸಿತು. ಬಾಡಿಗೆ ಕೇಳಿದೆ. ಅವರ ನಿಘಂಟಿನಲ್ಲಿರುವ ಒಂದು ಪದವೂ ಬಾಯಿಗೆ ಬರಲಿಲ್ಲ. ಜೊತೆಗೆ ಅವತ್ತು ಅಕ್ಟೋಬರ್ 3, ಮಂಗಳವಾರ, ರಾಷ್ಟ್ರೀಯ ರಜೆ. ಒಂದು ಅಂಗಡಿಯೂ ತೆಗೆದಿರಲಿಲ್ಲ. ನನಗಿದ್ದ ಎರಡನೇ ಮಂಗಳವಾರ ಹೀಗೆ ವ್ಯರ್ಥ.

2024ರ ಶುರುವಿನಲ್ಲಿ ಎರಡು ಆಫರ್ ಕೈಯಲ್ಲಿತ್ತು. ಮ್ಯೂನಿಕ್ ಹತ್ತಿರ ವರ್ಷಕ್ಕೆ 56,000 ಯೂರೋ, ಕೆಮ್ನಿಟ್ಸ್‌ನಲ್ಲಿ 46,500. ಎರಡೂ ಬ್ಲೂ ಕಾರ್ಡ್‌ಗೆ (ಓದಿದ ಕೆಲಸಗಾರರ ವಾಸದ ಪರವಾನಗಿ) ಬೇಕಾದ ಸಂಬಳದ ಮಿತಿ ದಾಟಿದವೇ. ಅಲ್ಲಿ ಜನ ಸಾಲದ ನಮ್ಮಂಥ ಕೆಲಸಗಳಿಗೆ ಆ ವರ್ಷ 41,000 ಚಿಲ್ಲರೆ ಇತ್ತು. ಮನೆಯಲ್ಲಿ, ಆಫೀಸಲ್ಲಿ, ವಾಟ್ಸಾಪಲ್ಲಿ ಎಲ್ಲರೂ ಒಂದೇ ಮಾತು: ತಲೆ ಕೆಟ್ಟಿದೆಯಾ? ಮದುವೆಯಾದವರಿಗೆ ತೆರಿಗೆ ಕಡಿಮೆ ಹಿಡಿಯುವ ಮೂರನೇ ಟ್ಯಾಕ್ಸ್ ಕ್ಲಾಸ್‌ನಲ್ಲಿ ಕೈಗೆ ಬರುವುದರ ವ್ಯತ್ಯಾಸ ತಿಂಗಳಿಗೆ 450 ಯೂರೋ ಆಸುಪಾಸು. ಬಾಡಿಗೆಯ ವ್ಯತ್ಯಾಸ ಸಾವಿರದ ಮೇಲೆ. ಅಣ್ಣ ಎಸ್-ಬಾನ್ ಲೋಕಲ್ ರೈಲಿನಲ್ಲಿ 40 ನಿಮಿಷ ದೂರದ ಎರಡು ಕೋಣೆಗೆ 1,650 ಕೊಡುತ್ತಾನೆ. ನಾನು ಇಲ್ಲಿನ ಕಾಸ್‌ಬೆರ್ಗ್ ಬಡಾವಣೆಯ ಹಳೇ ಕಟ್ಟಡದ ಮೂರು ಕೋಣೆಗೆ, ಹೀಟಿಂಗ್ ಸೇರಿ, 560. ಸಹಕಾರಿ ಸಂಘದ ಮನೆಯಾದ್ದರಿಂದ ಡೆಪಾಸಿಟ್ ಬದಲು ಷೇರು, ಸಾವಿರ ಯೂರೋ ಹತ್ತಿರ, ಬಿಡುವಾಗ ವಾಪಸ್.

ದುಡ್ಡಿನ ಲೆಕ್ಕಕ್ಕೆ ಸಿಗದೆ ನಿದ್ದೆ ಕೆಡಿಸಿದ್ದು ಇನ್ನೊಂದು. 2018ರಲ್ಲಿ ಒಂದು ಕೊಲೆಯಾದ ಮೇಲೆ ಈ ಊರಿನ ಬೀದಿಗಳಲ್ಲಿ ವಿದೇಶಿಯರ ವಿರುದ್ಧ ನಡೆದದ್ದು ಎಲ್ಲ ಟಿವಿಗಳಲ್ಲೂ ಬಂದಿತ್ತು. ನಾನು ಜೂನ್‌ನಲ್ಲಿ ಬಂದೆ. ಸೆಪ್ಟೆಂಬರ್ 1ಕ್ಕೆ ಸಾಕ್ಸನಿ ಚುನಾವಣೆ, ವಲಸಿಗರನ್ನು ವಿರೋಧಿಸುವ ಎಎಫ್‌ಡಿ ಪಕ್ಷಕ್ಕೆ 30 ಪ್ರತಿಶತದ ಮೇಲೆ ಮತ. ಹೆಂಡತಿ, ಮಗಳ ಟಿಕೆಟ್ ಆ ತಿಂಗಳ ಕೊನೆಗೆ. ಅವಳಿಗೆ ಎಲ್ಲ ಹೇಳಿದೆ, ಟ್ರಾಮ್‌ನಲ್ಲಿ ಒಬ್ಬ ಕುಡುಕ ನನ್ನ ಮುಖಕ್ಕೆ ಬೆರಳು ಮಾಡಿ ಕೂಗಿದ್ದನ್ನೂ ಹೇಳಿದೆ. ಆಗ ಎದುರು ಸೀಟಿನ ಅಜ್ಜಿ ಎದ್ದು ಬಂದು ನನ್ನ ಪಕ್ಕ ಕೂತು, ಏನೂ ಮಾತಾಡದೆ ತನ್ನ ಪದಬಂಧ ಬಿಡಿಸುತ್ತಾ ಹೋದದ್ದನ್ನೂ ಹೇಳಿದೆ. ಒಂದು ದಿನ ಯೋಚಿಸಿ "ಬರ್ತೀವಿ" ಅಂದಳು. ಶನಿವಾರ ರಾತ್ರಿ ಕೆಲವು ಸ್ಟಾಪ್‌ಗಳಲ್ಲಿ ನಾವು ಈಗಲೂ ಇಳಿಯುವುದಿಲ್ಲ. ಊರು ಆರಿಸುವವರು ಈ ಕಾಲಂ ಖಾಲಿ ಬಿಡಬೇಡಿ.

ಇನ್ನು ಅಡುಗೆಮನೆ. ಜರ್ಮನ್ ಮನೆ ಅಡುಗೆಮನೆ ಇಲ್ಲದೆ ಬರುತ್ತೆ ಅಂತ ಓದಿದ್ದೆ, ಆದರೆ ಕಣ್ಣಾರೆ ನೋಡೋದು ಬೇರೆ. ಕೀಲಿ ತೆಗೆದು ಒಳಗೆ ಹೋದರೆ ನಾಲ್ಕು ಸಾಲು ಟೈಲ್ಸ್, ಬಿರಡೆ ಹಾಕಿದ ಎರಡು ಪೈಪು, ಗೋಡೆಯಿಂದ ಹೊರಬಂದ ಐದು ಎಳೆಯ ವೈರು. ತ್ರೀ ಫೇಸ್! ಹನ್ನೊಂದು ವರ್ಷ ಅದನ್ನೇ ಮುಟ್ಟಿದ ಕೈ, ಐದು ನಿಮಿಷದ ಕೆಲಸ. ಇನ್ಶೂರೆನ್ಸ್ ಒಪ್ಪಲ್ಲ ಅಂದರು. ಎಲೆಕ್ಟ್ರಿಷಿಯನ್‌ಗೆ 90 ಯೂರೋ ಕೊಟ್ಟು ಕೈಕಟ್ಟಿ ನೋಡುತ್ತ ನಿಂತೆ. ಅವನು ಬಿಗಿದ ಒಂದು ಸ್ಕ್ರೂ ಸಡಿಲ ಇತ್ತು, ತೋರಿಸಿದೆ.

ಸೆಕೆಂಡ್‌ಹ್ಯಾಂಡ್ ಅಡುಗೆಮನೆ 280ಕ್ಕೆ ಸಿಕ್ಕಿತು. ಇಬ್ಬರು ಟಿಯು ಹುಡುಗರ ಜೊತೆ ಎರಡೂವರೆ ಮೀಟರ್ ಕಟ್ಟೆಯನ್ನು ರಾತ್ರಿ ಟ್ರಾಮ್‌ಗೆ ತೂರಿಸಿದೆವು. ಡ್ರೈವರ್ ಕನ್ನಡಿಯಲ್ಲಿ ಎರಡು ಸ್ಟಾಪ್ ತನಕ ನೋಡಿ ಸುಮ್ಮನಾದ. ಮನೆಗೆ ತಂದು ಇಟ್ಟರೆ ಸಿಂಕಿನ ತೂತು ಎಡಕ್ಕೆ, ನಮ್ಮ ಪೈಪು ಬಲಕ್ಕೆ. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವವನು ಟೇಪ್ ಹಿಡಿಯದೆ ಕೊಂಡಿದ್ದೆ. ಪಲ್ಟಿ ಮಾಡಿ, ಕತ್ತರಿಸಿ, ಕಡೆಗೆ ನಿಲ್ಲಿಸಿದೆ. ಮೂಲೆಯಲ್ಲಿ ಒಂದು ಬೆರಳು ಸಂದು ಉಳಿದಿದೆ, ಸಾಸಿವೆ ಡಬ್ಬಿ ಅಲ್ಲೇ ಇಟ್ಟು ಮುಚ್ಚಿದ್ದೇವೆ. ಜರ್ಮನ್ ಕ್ಲಾಸು, ಪರೀಕ್ಷೆ, ವೀಸಾ, ವಿಮಾನ, ಮೊದಲ ಎರಡು ತಿಂಗಳು, ಈ ಅಡುಗೆಮನೆ ಎಲ್ಲ ಸೇರಿ ಆರೂವರೆ ಏಳು ಲಕ್ಷವಾಗಿರಬಹುದು. ವೀಸಾ ಬೇಗ ಮಾಡಿಸುವ ಫಾಸ್ಟ್ ಟ್ರ್ಯಾಕಿನ 411 ಯೂರೋ ಕಂಪನಿ ಕೊಟ್ಟಿತು, ಕೇಳಿದ್ದಕ್ಕೆ. ಕೇಳಿ.

ದೋಸೆ ಹಿಟ್ಟಿಗೂ ಒಂದು ಪ್ರಯೋಗ ನಡೆಯಿತು. ಹೀಟರ್ 3ರಲ್ಲಿ ಇಟ್ಟರೆ ಉಕ್ಕಿ ಹಾಲ್ ಕಾರ್ಪೆಟ್ ಮೇಲೆ, 1ರಲ್ಲಿ ಎರಡು ದಿನವಾದರೂ ಕಲ್ಲು. 2ರಲ್ಲಿ, ಕೆಳಗೆ ಮಡಿಸಿದ ಟವೆಲ್, ಹದಿನಾರು ಗಂಟೆ.

ಬಿ1 ಇರುವುದರಿಂದ 21 ತಿಂಗಳಿಗೆ ಪರ್ಮನೆಂಟ್ ವಾಸಕ್ಕೆ ಅರ್ಜಿ ಹಾಕಬಹುದು. ಅಣ್ಣನಿಗೆ ಈಗ ಇಲ್ಲಿನ ಒಂದು ಕಂಪನಿಯಿಂದ ಕರೆ ಬಂದಿದೆ, ಮುಂದಿನ ವಾರ ಬರುತ್ತಾನಂತೆ, ಶನಿವಾರ. ಮಂಗಳವಾರ ಬಾ ಅಂದಿದ್ದೇನೆ. ಟೇಪ್ ತರಲೂ ಹೇಳಿದ್ದೇನೆ. ಶೀಟ್‌ಗೆ 18ನೇ ಕಾಲಂ ಒಂದು ಸೇರಿಸಿ ಕಳಿಸಿದೆ: ಚರ್ಮದ ಡಾಕ್ಟರ್. ಮಗಳ ಮೊಣಕೈ ಗಂದೆಗೆ ಆರು ಕಡೆ ಫೋನ್ ಮಾಡಿದ್ದಾಯಿತು, ಎಲ್ಲರದೂ ಹೊಸ ಪೇಷಂಟ್ ತಗೊಳ್ಳಲ್ಲ ಅನ್ನೋ ಉತ್ತರ. ಸದ್ಯಕ್ಕೆ ತಿಪಟೂರಿನಿಂದ ಬಂದ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇವೆ.