ಕ್ರಾಯ್ಡನ್‌ನಿಂದ ಡಾರ್ವಿನ್‌ಗೆ, ಕೂತಲ್ಲೇ ಕೂತು

ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್ ಆಟದಲ್ಲಿ ವಿಮಾನ ಹಾರಿಸೋಕೆ ಶುರು ಮಾಡಿ ಮೂರು ವರ್ಷ ಆಗಿತ್ತು, ಆದ್ರೆ ನಿಜ ಹೇಳ್ಬೇಕಂದ್ರೆ ನಾನು ಎಲ್ಲಿಗೂ ಹೋಗಿರ್ಲಿಲ್ಲ. ಒಂದು ಏರ್‌ಪೋರ್ಟ್ ಆರಿಸ್ಕೊಳ್ಳೋದು, ಟೇಕಾಫ್, ಎರಡು ಸುತ್ತು, ಬೇಜಾರಾದ ಕೂಡ್ಲೇ ಮೆನುಗೆ ಹೋಗಿ ಇನ್ನೊಂದು ಖಂಡಕ್ಕೆ ಜಿಗಿಯೋದು. ಇವತ್ತು ಆಲ್ಪ್ಸ್, ನಾಳೆ ಅಲಾಸ್ಕಾ. ಇಷ್ಟೆಲ್ಲಾ ನೋಡಿದ್ರೂ ಒಂದು ಜಾಗವೂ ತಲೆಯಲ್ಲಿ ನಿಲ್ಲಲಿಲ್ಲ. ಹಾಗಾಗಿ ಒಂದೇ ವಿಮಾನ, ಒಂದೇ ದಾರಿ, ಉದ್ದಕ್ಕೆ ಹೋಗೋಣ ಅಂತ ಹುಡುಕ್ತಾ ಇದ್ದಾಗ ಸಿಕ್ಕಿದ್ದು ಏಮಿ ಜಾನ್ಸನ್ ಅನ್ನೋ ಬ್ರಿಟಿಷ್ ಪೈಲಟ್ ಹೋದ ದಾರಿ.

ಈಯಮ್ಮ 1930ರ ಮೇ 5ಕ್ಕೆ ಲಂಡನ್ ಪಕ್ಕದ ಕ್ರಾಯ್ಡನ್‌ನಿಂದ ಒಬ್ಬಳೇ ಹೊರಟು ಮೇ 24ಕ್ಕೆ ಆಸ್ಟ್ರೇಲಿಯಾದ ಡಾರ್ವಿನ್ ಮುಟ್ಟಿದವಳು. ವಯಸ್ಸು 26. ಸೆಕೆಂಡ್ ಹ್ಯಾಂಡ್ ಜಿಪ್ಸಿ ಮಾತ್ ವಿಮಾನ, ಅದಕ್ಕೆ ಜೇಸನ್ ಅಂತ ಹೆಸರು. ಅದಕ್ಕೂ ಮುಂಚೆ ಒಬ್ಬಳೇ ಹಾರಿದ್ದ ಅತಿ ಉದ್ದದ ದಾರಿ ಅಂದ್ರೆ ಲಂಡನ್‌ನಿಂದ ಇಂಗ್ಲೆಂಡಿನದೇ ಹಲ್ ಅನ್ನೋ ಊರಿಗೆ, ಅಂಥವಳು ನೇರ 11,000 ಮೈಲಿಗೆ ಕೈ ಹಾಕಿದಾಳೆ ಅಂದ್ರೆ ಧೈರ್ಯ ನೋಡಿ. ಆಕೆಯ ಹತ್ರ ಮ್ಯಾಪು, ದಿಕ್ಸೂಚಿ, ಗಡಿಯಾರ ಬಿಟ್ರೆ ಹೆಚ್ಚೇನೂ ಇರ್ಲಿಲ್ಲ.

ಶುರು ಮಾಡೋ ಮುಂಚೆ ನನಗೆ ನಾನೇ ನಿಯಮ ಹಾಕ್ಕೊಂಡೆ, ಇಲ್ಲಾಂದ್ರೆ ಎರಡನೇ ವಾರಕ್ಕೇ ಕಳ್ಳಾಟ ಶುರುವಾಗೋದು ನನಗೆ ಗೊತ್ತು. ಎಲ್ಲಿ ಇಳಿದ್ನೋ ಮುಂದಿನ ಸಲ ಅಲ್ಲಿಂದಾನೇ ಹೊರಡ್ಬೇಕು. ಟೈಮ್ ಫಾಸ್ಟ್ ಮಾಡೋ ಹಾಗಿಲ್ಲ, ನಾಲ್ಕು ಗಂಟೆ ದಾರಿ ಅಂದ್ರೆ ನಾಲ್ಕು ಗಂಟೆ. ಹವಾಮಾನ ಆ ಕ್ಷಣಕ್ಕೆ ನಿಜವಾಗಿ ಹೇಗಿದ್ಯೋ ಹಾಗೇ. ಜಿಪಿಎಸ್ ಆಫ್. ವಿಮಾನ ಹಳೇ ಮೀಟರ್‌ಗಳ ಸೆಸ್ನಾ 172 ಅನ್ನೋ ಒಂದೇ ಎಂಜಿನ್‌ನ ಸಣ್ಣ ವಿಮಾನ, ಆಟೋಪೈಲಟ್ ಎತ್ತರ ಹಿಡಿಯೋದಕ್ಕೆ ಮಾತ್ರ, ದಿಕ್ಕು ನಾನೇ ನೋಡ್ಕೋಬೇಕು. ಪ್ಲಾನಿಂಗ್‌ಗೆ ಲಿಟಲ್ ನಾವ್‌ಮ್ಯಾಪ್ ಅನ್ನೋ ಫ್ರೀ ಸಾಫ್ಟ್‌ವೇರ್, ಹಾರುವಾಗ ಅದೂ ಕ್ಲೋಸ್. ಜಾಯ್‌ಸ್ಟಿಕ್ ಹಳೇದು, ಪೆಡಲ್ ಇಲ್ಲ, ಅದರ ಬಗ್ಗೆ ಹೇಳೋಕೆ ಇನ್ನೇನಿಲ್ಲ.

ಮೊದಲನೇ ತೊಂದರೆ ಏನಪ್ಪಾ ಅಂದ್ರೆ ಕ್ರಾಯ್ಡನ್ ಏರ್‌ಪೋರ್ಟೇ ಈಗಿಲ್ಲ. 1959ರಲ್ಲೇ ಮುಚ್ಚಿದ್ದು, ಹಳೇ ಟರ್ಮಿನಲ್ ಕಟ್ಟಡ ಮಾತ್ರ ರೋಡ್ ಪಕ್ಕ ನಿಂತಿದೆ. ಹಾಗಾಗಿ ಹತ್ತಿರದ ಬಿಗಿನ್ ಹಿಲ್‌ನಿಂದ ಎದ್ದು, ಆ ಕಟ್ಟಡದ ಮೇಲೆ ಒಂದು ಸುತ್ತು ಹಾಕಿ ಪೂರ್ವಕ್ಕೆ ತಿರುಗಿಸ್ದೆ. ದಿನಾಂಕ ಮೇ 5, ಅಷ್ಟಾದ್ರೂ ಸರಿಯಾಗಿರ್ಲಿ ಅಂತ.

ಏಮಿ ಮೊದಲ ದಿನಾನೇ ವಿಯೆನ್ನಾ ಮುಟ್ಟಿದ್ಲು, ಹೆಚ್ಚುವರಿ ಟ್ಯಾಂಕ್ ಹಾಕಿಸ್ಕೊಂಡಿದ್ದರಿಂದ ಸಾಧ್ಯ ಆಯ್ತು. 172ರಲ್ಲಿ ಬಳಸೋಕೆ ಸಿಗೋ ಫ್ಯೂಯಲ್ 53 ಗ್ಯಾಲನ್. ಗಂಟೆಗೆ 9 ಗ್ಯಾಲನ್ ಅಂತ ಲೆಕ್ಕ ಹಾಕಿದ್ರೆ ಆರು ಗಂಟೆಗೆ ಸ್ವಲ್ಪ ಕಮ್ಮಿ, 640 ನಾಟಿಕಲ್ ಮೈಲಿ (ಒಂದು ಅಂದ್ರೆ 1.85 ಕಿಲೋಮೀಟರ್) ಆಗುತ್ತೆ. ವಿಯೆನ್ನಾ ಅದಕ್ಕಿಂತ ದೂರ, ಆದ್ರೂ ಹಿಂದಿನಿಂದ ಗಾಳಿ ಇದೆ, ಅದಕ್ಕೂ ಮುಂಚೆ ಸಿಗೋ ಲಿಂಝ್‌ವರೆಗಂತೂ ಹೋಗೇ ಹೋಗ್ತೀನಿ ಅಂತ ಹೊರಟೆ. ಮರ್ತಿದ್ದು ಒಂದೇ, ಮಿಕ್ಸ್ಚರ್. ಮೇಲೆ ಹೋದ ಹಾಗೆ ಗಾಳಿ ತೆಳ್ಳಗಾಗುತ್ತೆ, ಅದಕ್ಕೆ ತಕ್ಕ ಹಾಗೆ ಆ ಕೆಂಪು ಗುಬುಟು ಹಿಂದಕ್ಕೆಳೆದು ಎಂಜಿನ್‌ಗೆ ಹೋಗೋ ಫ್ಯೂಯಲ್ ಕಮ್ಮಿ ಮಾಡ್ಬೇಕು, ನಾನು ಪೂರ್ತಿ ಮುಂದಕ್ಕೆ ತಳ್ಳಿ ಹಾಗೇ ಬಿಟ್ಟು ಕಾಫಿ ಕುಡೀತಾ ಜರ್ಮನಿ ನೋಡ್ತಾ ಕೂತಿದ್ದೆ. ಗಂಟೆಗೆ 9ರ ಬದ್ಲು 11ಕ್ಕೂ ಮೇಲೆ ಕುಡೀತಿದೆ. ಹೊರಟು ನಾಲ್ಕೂವರೆ ಗಂಟೆ ಆಗೋ ಹೊತ್ತಿಗೆ ಡ್ಯಾನ್ಯೂಬ್ ನದಿ ಮೇಲೆ ಎಂಜಿನ್ ಎರಡು ಸಲ ಕೆಮ್ಮಿ ನಿಂತೋಯ್ತು. ಆ ನಿಶ್ಶಬ್ದ ಇದ್ಯಲ್ಲ, ಹೆಡ್‌ಫೋನ್‌ನಲ್ಲಿ ಬರೀ ಗಾಳಿ ಸದ್ದು, ಆಟ ಅಂತ ಗೊತ್ತಿದ್ರೂ ಕೈ ಬೆವರ್ತು. ಎಂಜಿನ್ ಇಲ್ಲದೆ ತೇಲೋಕೆ ಬೇಕಾದ 68 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಸ್ಪೀಡ್ ಹಿಡಿದು ಹಸಿರು ಹೊಲ ಒಂದನ್ನ ನೋಡಿ ಇಳಿಸ್ದೆ. ಹತ್ತಿರದಲ್ಲಿ ಸ್ಟ್ರಾಬಿಂಗ್ ಅಂತ ಸಣ್ಣ ಏರ್‌ಫೀಲ್ಡ್ ಇದೆ, ಮುಂದಿನ ವಾರ ಅಲ್ಲಿಂದ ಶುರು. ಅವತ್ತಿಂದ ಲಾಗ್ ಬುಕ್ಕಲ್ಲಿ ಒಂದು ಕಾಲಂ ಜಾಸ್ತಿ ಮಾಡ್ದೆ, ಪ್ರತಿ ಅರ್ಧ ಗಂಟೆಗೆ ಫ್ಯೂಯಲ್ ಎಷ್ಟಿದೆ ಅಂತ ಪೆನ್ನಲ್ಲಿ ಬರೆಯೋದು.

ವಿಯೆನ್ನಾ, ಬೆಲ್‌ಗ್ರೇಡ್, ಇಸ್ತಾಂಬುಲ್ ಏನೂ ತಕರಾರಿಲ್ಲದೆ ಆಯ್ತು. ಮುಂದೆ ಟರ್ಕಿಯ ಟಾರಸ್ ಪರ್ವತ. ಅಲ್ಲಿ ಮೂರು ಸಾವಿರ ಮೀಟರ್ ದಾಟೋ ಶಿಖರಗಳಿವೆ. ಏಮಿಯ ವಿಮಾನ ಭಾರ ಹೊತ್ಕೊಂಡು ಅಷ್ಟು ಮೇಲೆ ಏರೋ ಹಾಗಿರ್ಲಿಲ್ಲ, ಕಣಿವೆ ಒಳಗೆ ರೈಲು ಹಳಿ ಹಿಡಿದು ನುಸುಳಿದ್ಲು. ನಾನೂ ಹಾಗೇ ಮಾಡ್ತೀನಿ ಅಂತ ಹೊರಟೆ. ಪೊಝಾಂಟಿ ಅನ್ನೋ ಊರು ದಾಟಿದ ಮೇಲೆ ಹಳಿ ಎಡಕ್ಕೆ ತಿರುಗ್ತು, ನಾನೂ ತಿರುಗ್ದೆ, ಒಂದೆರಡು ನಿಮಿಷ ಆದ್ಮೇಲೆ ನೋಡ್ತೀನಿ ಹಳಿ ಇಲ್ಲ. ಸುರಂಗಕ್ಕೆ ಹೋಗಿದೆ! ರೈಲು ಬೆಟ್ಟದೊಳಗೆ ತೂರ್ಕೊಂಡು ಹೋಗ್ಬಹುದು, ನಾನು ಹೋಗೋಕಾಗಲ್ವಲ್ಲ. ಎದುರಿಗೆ ಬರೀ ಬಂಡೆ. ಕಣಿವೆ ಮಧ್ಯದಲ್ಲಿ ಹಾರ್ತಿದ್ದೆ, ಅದೇ ತಪ್ಪು, ಮಧ್ಯದಲ್ಲಿದ್ರೆ ಯಾವ ಕಡೆ ತಿರುಗಿದ್ರೂ ಅರ್ಧ ಅಗಲ ಮಾತ್ರ ಸಿಗುತ್ತೆ. ಒಂದು ಗೋಡೆಗೆ ಅಂಟ್ಕೊಂಡು ಹೋದ್ರೆ ವಾಪಸ್ ತಿರುಗೋಕೆ ಪೂರ್ತಿ ಕಣಿವೆ ಇರುತ್ತೆ. ಹೇಗೋ ಫ್ಲ್ಯಾಪ್ (ನಿಧಾನಕ್ಕೆ ಹಾರೋಕೆ ರೆಕ್ಕೆ ಹಿಂಬದಿ ಇಳಿಸೋ ಪಟ್ಟಿ) ಹತ್ತು ಡಿಗ್ರಿ ಇಳಿಸಿ, ಸ್ಪೀಡ್ ಕಮ್ಮಿ ಮಾಡಿ, ರೆಕ್ಕೆ ಬಗ್ಗಿಸಿ ತಿರುಗಿಸ್ದೆ, ಸ್ಪೀಡ್ ಸಾಲದೆ ವಿಮಾನ ಬೀಳೋ ಹಾಗಿದೆ ಅಂತ ಎಚ್ಚರಿಸೋ ಸ್ಟಾಲ್ ಹಾರ್ನ್ ಒಂದೇ ಸಮ ಊಳಿಡ್ತಾ ಇತ್ತು. ಎರಡನೇ ಪ್ರಯತ್ನಕ್ಕೆ ಹೆದ್ದಾರಿ ಹಿಡಿದು ಗೋಡೆ ಪಕ್ಕದಲ್ಲೇ ಹೋದೆ, ಅದಾನಾ ಬಯಲು ಕಂಡಾಗ ಉಸಿರು ಬಂತು.

ಆಮೇಲೆ ಅಲೆಪ್ಪೊ, ಬಾಗ್ದಾದ್, ಬುಶೆಹ್ರ್, ಬಂದರ್ ಅಬ್ಬಾಸ್. ಅಲ್ಲಿ ಸಮಸ್ಯೆ ಬಿಸಿಲು. ನಾನು ಶನಿವಾರ ಭಾನುವಾರ ಮಾತ್ರ ಹಾರ್ತಿದ್ದರಿಂದ ಅಲ್ಲಿಗೆ ಹೋಗೋಷ್ಟರಲ್ಲಿ ಜೂನ್ ಬಂದಿತ್ತು, ಬಂದರ್ ಅಬ್ಬಾಸ್‌ನಲ್ಲಿ ಥರ್ಮಾಮೀಟರ್ 40 ತೋರಿಸ್ತಿತ್ತು. ಬಿಸಿಯಾದಷ್ಟೂ ಗಾಳಿ ತೆಳ್ಳಗಾಗುತ್ತೆ, ಮೇಲೆ ಹೋದ ಹಾಗೇನೇ. ಸಮುದ್ರ ಮಟ್ಟದಲ್ಲಿ ಸ್ಟ್ಯಾಂಡರ್ಡ್ 15 ಡಿಗ್ರಿ, ಅದಕ್ಕಿಂತ ಹೆಚ್ಚಿರೋ ಒಂದೊಂದು ಡಿಗ್ರಿಗೂ ಸುಮಾರು 120 ಅಡಿ ಸೇರಿಸ್ಕೋಬೇಕು, ಅಂದ್ರೆ ನೆಲದ ಮೇಲೆ ನಿಂತಿರೋವಾಗ್ಲೇ ವಿಮಾನಕ್ಕೆ 3,000 ಅಡಿ ಮೇಲಿರೋ ಹಾಗೆ. ಟ್ಯಾಂಕ್ ಫುಲ್ ಬೇರೆ. ರನ್‌ವೇ ಮುಗಿಯೋದೇ ಇಲ್ವೇನೋ ಅನ್ನೋ ಥರ ಓಡಿ ಓಡಿ ಎದ್ದಿದ್ದು.

ಏಮಿ ಆರನೇ ದಿನಕ್ಕೆ ಕರಾಚಿ ಮುಟ್ಟಿ ಅಷ್ಟು ದೂರ ಬೇಗ ಹೋದ ದಾಖಲೆ ಮುರಿದ್ಲು, ನಾನು ಏಳನೇ ವಾರಕ್ಕೆ. ಅಲ್ಲಿಂದ ಅಲಹಾಬಾದ್‌ಗೆ ಹೊರಟವಳು ಫ್ಯೂಯಲ್ ಸಾಲದೆ ಝಾನ್ಸಿಯಲ್ಲಿ ಪರೇಡ್ ಮೈದಾನದಲ್ಲಿ ಇಳಿದ್ಲಂತೆ, ಇದನ್ನ ಓದಿದಾಗ ನನ್ನ ಸ್ಟ್ರಾಬಿಂಗ್ ಹೊಲದ ಬಗ್ಗೆ ಸ್ವಲ್ಪ ಸಮಾಧಾನ ಆಯ್ತು ಅನ್ನಿ. ನಾನು ಜೋಧ್‌ಪುರದಲ್ಲಿ ನಿಂತು ತುಂಬಿಸ್ಕೊಂಡೇ ಹೋದೆ.

ಕಲ್ಕತ್ತಾದಿಂದ ಮುಂದೆ ಬರ್ಮಾ ಕರಾವಳಿಯ ಸಿತ್ವೆ, ಅಲ್ಲಿಂದ ರಂಗೂನ್. ದೂರ ಬರೀ 270 ನಾಟಿಕಲ್ ಮೈಲಿ, ಎರಡೂವರೆ ಗಂಟೆ ಕೆಲಸ. ಆದ್ರೆ ಜುಲೈ. ಬರ್ಮಾ ಕರಾವಳಿಗೆ ಮಾನ್ಸೂನ್ ನೇರ ಬಂದು ಅಪ್ಪಳಿಸೋ ಟೈಮು, ಮಧ್ಯದಲ್ಲಿ ಅರಾಕಾನ್ ಬೆಟ್ಟ ಸಾಲು. ಮೊದಲ ಶನಿವಾರ ಲೋಡ್ ಮಾಡಿದ್ರೆ ಮೋಡ ನೆಲಕ್ಕೇ ತಾಗ್ತಿದೆ, ರನ್‌ವೇ ಆ ತುದಿ ಕಾಣಲ್ಲ. ಆಫ್ ಮಾಡ್ದೆ. ಮುಂದಿನ ಶನಿವಾರವೂ ಅದೇ, ಅದರ ಮುಂದಿನದ್ದೂ ಅದೇ. ಮೆನುವಲ್ಲಿ ಒಂದು ಬಟನ್ ಒತ್ತಿದ್ರೆ ನೀಲಿ ಆಕಾಶ ಬರುತ್ತೆ, ಮೌಸ್ ಅಲ್ಲಿವರೆಗೂ ಹೋಗಿತ್ತು, ಸುಳ್ಳು ಹೇಳಲ್ಲ. ಒತ್ಲಿಲ್ಲ. ಒಂದು ಊರಲ್ಲಿ ಮಳೆ ಬಿಡ್ಲಿ ಅಂತ ಮೂರು ವಾರ ಕಾದಿದ್ದು ಸಿಮ್‌ನಲ್ಲಿ ನನಗೆ ಅದೇ ಮೊದಲು. ಮನೇಲಿ ಎಲ್ರೂ ನಕ್ಕರು, ವಿಮಾನ ನಿಂತಿರೋ ಸ್ಕ್ರೀನ್ ಯಾಕೆ ನೋಡ್ತಿದೀಯ ಅಂತ. ನಾಲ್ಕನೇ ವಾರ ಮೋಡ ಸಾವಿರ ಅಡಿಗೆ ಎದ್ದಿತ್ತು, ಬೆಟ್ಟದ ತಂಟೆಗೆ ಹೋಗದೆ ಸಮುದ್ರದ ಅಂಚು ಹಿಡಿದು, ಇರಾವತಿ ಮುಖಜ ಭೂಮಿ ಸುತ್ತಿ, ಮೂರೂವರೆ ಗಂಟೆ ತಗೊಂಡು ರಂಗೂನ್‌ನಲ್ಲಿ ಇಳಿಸ್ದೆ. ಏಮಿ ಅಲ್ಲಿ ರೇಸ್‌ಕೋರ್ಸ್ ಅಂದ್ಕೊಂಡು ಪಕ್ಕದ ಇನ್ಸೀನ್‌ನ ಆಟದ ಮೈದಾನದಲ್ಲಿ ಇಳಿದು, ಹಳ್ಳಕ್ಕೆ ನುಗ್ಗಿ ರೆಕ್ಕೆ ಪ್ರೊಪೆಲ್ಲರ್ ಎಲ್ಲಾ ಮುರ್ಕೊಂಡಿದ್ಲು. ರಿಪೇರಿ ಮಾಡಿಸ್ಕೊಂಡೇ ಮುಂದಕ್ಕೆ ಹೋದದ್ದು.

ಬ್ಯಾಂಕಾಕ್, ಸಿಂಗಾಪುರ, ಸುರಬಯ, ಗುಡುಗು ಮೋಡ ತಪ್ಪಿಸ್ಕೊಂಡು ಹೋಗಿದ್ದಷ್ಟೇ. ಕೊನೇ ದಾರಿ ಬಗ್ಗೆ ಹೇಳ್ಬೇಕು. ತಿಮೋರ್‌ನ ಅತಂಬುವಾದಿಂದ ಡಾರ್ವಿನ್, 400 ನಾಟಿಕಲ್ ಮೈಲಿ, ಪೂರ್ತಿ ಸಮುದ್ರ. ಗುರುತಿಗೆ ಒಂದು ಹಳಿ ಇಲ್ಲ, ನದಿ ಇಲ್ಲ. ಪೈಲಟ್‌ಗಳು ಅರವತ್ತಕ್ಕೆ ಒಂದು ಅಂತ ಲೆಕ್ಕ ಹೇಳ್ತಾರೆ, ದಿಕ್ಕು ಒಂದು ಡಿಗ್ರಿ ತಪ್ಪಿದ್ರೆ 60 ಮೈಲಿ ಹೋಗೋ ಹೊತ್ತಿಗೆ ಒಂದು ಮೈಲಿ ಪಕ್ಕಕ್ಕೆ ಹೋಗಿರ್ತೀವಿ. 400ಕ್ಕೆ ಐದು ಡಿಗ್ರಿ ತಪ್ಪಿದ್ರೆ 33 ಮೈಲಿ. ಗಾಳಿ ಅಂದಾಜು ತಪ್ಪಾದ್ರೆ, ದಿಕ್ಕು ತೋರಿಸೋ ಮೀಟರ್ ಹೆಡಿಂಗ್ ಇಂಡಿಕೇಟರ್ ಜರುಗಿದ್ದನ್ನ ಹದಿನೈದು ನಿಮಿಷಕ್ಕೊಮ್ಮೆ ದಿಕ್ಸೂಚಿ ನೋಡಿ ಸರಿ ಮಾಡದೇ ಇದ್ರೆ, ಐದು ಡಿಗ್ರಿ ಏನೂ ದೊಡ್ಡದಲ್ಲ. ಆವಾಗ ಕರಾವಳಿ ಕಂಡ್ರೂ ಡಾರ್ವಿನ್ ಎಡಕ್ಕಿದ್ಯೋ ಬಲಕ್ಕಿದ್ಯೋ ಗೊತ್ತಾಗಲ್ಲ.

ಇದಕ್ಕೆ ಫ್ರಾನ್ಸಿಸ್ ಚಿಚೆಸ್ಟರ್ ಅನ್ನೋ ಬ್ರಿಟಿಷ್ ಪೈಲಟ್ ಮಾಡಿದ್ದ ಉಪಾಯ ಕದ್ದೆ. ಅವರು 1931ರಲ್ಲಿ ಜಿಪ್ಸಿ ಮಾತ್‌ನಲ್ಲೇ ನ್ಯೂಜಿಲೆಂಡ್ ಆಸ್ಟ್ರೇಲಿಯಾ ಮಧ್ಯದ ಟಾಸ್ಮನ್ ಸಮುದ್ರ ದಾಟುವಾಗ ನಾರ್ಫೋಕ್ ದ್ವೀಪದಂಥ ಚುಕ್ಕಿ ಹುಡುಕೋಕೆ ಬೇಕಂತಲೇ ಒಂದು ಪಕ್ಕಕ್ಕೆ ಗುರಿ ಇಟ್ಟು ಹೋಗ್ತಿದ್ರು, ಆಗ ಯಾವ ಕಡೆ ತಿರುಗ್ಬೇಕು ಅನ್ನೋ ಅನುಮಾನವೇ ಇರಲ್ಲ. ಡಾರ್ವಿನ್‌ಗೆ ನೇರ ದಾರಿ ಸುಮಾರು 120 ಡಿಗ್ರಿ, ನಾನು ಐದು ಡಿಗ್ರಿ ಎಡಕ್ಕೆ, 115ಕ್ಕೆ ಹೋದೆ. ಆ ಕಡೆ ಬಾಥರ್ಸ್ಟ್ ದ್ವೀಪ ಅಡ್ಡ ಮಲಗಿದೆ, ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ಅದಕ್ಕೇ ಬಡಿಯುತ್ತೆ, ಕಂಡ ಕೂಡ್ಲೇ ಬಲಕ್ಕೆ.

ಆಗಸ್ಟ್ ತಿಂಗಳಲ್ಲಿ ಅಲ್ಲಿ ಆಗ್ನೇಯದಿಂದ ಗಾಳಿ ಬೀಸುತ್ತೆ, ಅಂದ್ರೆ ನನ್ನ ಮುಖಕ್ಕೇ. ಮೂರು ಗಂಟೆ ಆಯ್ತು, ನೀರು. ಮೂರು ಇಪ್ಪತ್ತು, ನೀರು. ಲೆಕ್ಕ ಎಲ್ಲೋ ತಪ್ಪಿದೆ ಅಂತ ಪೇಪರ್ ಎತ್ಕೊಂಡು ಮತ್ತೆ ಕೂಡ್ತಾ ಇದ್ದಾಗ ಗಾಜಿನ ಎಡ ಮೂಲೆಯಲ್ಲಿ ಮೋಡದ ನೆರಳು ಅಂದ್ಕೊಂಡಿದ್ದು ಹಾಗೇ ಗಟ್ಟಿಯಾಗ್ತಾ ಬಂತು. ದಡ! ಬಲಕ್ಕೆ ತಿರುಗಿಸಿ ದ್ವೀಪದ ಅಂಚಲ್ಲೇ ದಕ್ಷಿಣಕ್ಕೆ ಇಳಿದು, ಮೂಲೆ ಸುತ್ತಿ, ಕೊಲ್ಲಿ ದಾಟಿದ್ರೆ ಡಾರ್ವಿನ್. ಮೂರು ಕಿಲೋಮೀಟರ್‌ಗೂ ಉದ್ದದ ರನ್‌ವೇ, ನನ್ನ ಸೆಸ್ನಾಗೆ ಅದರ ಹತ್ತನೇ ಒಂದು ಭಾಗ ಸಾಕಾಗಿತ್ತು, ಆದ್ರೂ ಮೂರು ಸಲ ಕುಪ್ಪಳಿಸಿ ನಿಲ್ಲಿಸ್ದೆ.

ಲಾಗ್ ಬುಕ್ಕಿನ ಕೊನೇ ಸಾಲು ಹೀಗಿದೆ: ಅತಂಬುವಾ ಡಾರ್ವಿನ್, 4 ಗಂಟೆ 20 ನಿಮಿಷ, ಉಳಿದ ಫ್ಯೂಯಲ್ 14 ಗ್ಯಾಲನ್, ಮಿಕ್ಸ್ಚರ್ ಎಳೆದಿದ್ದೆ.