ಬೆಟ್ಟದ ಏರಿನಲ್ಲಿ ಮಿಸ್ ಹೊಡೆಯುತ್ತಿದ್ದ ಹಳೆಯ ಕಾರು

ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಇರುವ ನಮ್ಮ ಮೂರು ಸಿಲಿಂಡರಿನ ಹಳೆಯ ಕಾರು ಚಾಮುಂಡಿ ಬೆಟ್ಟದ ಏರಿನಲ್ಲಿ ಮಿಸ್ ಹೊಡೆಯತೊಡಗಿದ್ದರಿಂದ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಆಗಾಗ ಹೊತ್ತಿಕೊಳ್ಳದೆ ತಡವರಿಸತೊಡಗಿದ್ದರಿಂದ, ಎಂಜಿನ್ ತಣಿದ ಮೇಲೆ ಅದನ್ನು ಹೊತ್ತಿಸುವ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಗುರುತಿಟ್ಟು ನೋಡಿದೆ. ಸುಸ್ಥಿತಿಯ ಎಂಜಿನ್ನಿನಲ್ಲಿ ಪ್ಲಗ್ಗಿನ ತುದಿ ತಿಳಿಕಂದು ಬಣ್ಣಕ್ಕಿರುತ್ತದೆ. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುವ ಶಂಕೆ. ಇಲ್ಲಿ ಮೂರರಲ್ಲೂ ಒಣ ಕಪ್ಪು ಮಸಿಯಿದ್ದುದರಿಂದ, ಪೆಟ್ರೋಲ್ ಹೆಚ್ಚಾಗಿ ಗಾಳಿ ಕಡಿಮೆಯಾಗಿರಬೇಕೆಂದು ಊಹಿಸಿ ಏರ್ ಫಿಲ್ಟರ್ ತೆಗೆದೆ: ಒಳಬರುವ ಗಾಳಿಯನ್ನು ತಡೆಯುವ ಚೋಕ್‌ನ ಕೇಬಲ್ ಬಿಗಿದು, ಅದರ ತಟ್ಟೆ ಅರ್ಧ ಮುಚ್ಚಿಯೇ ನಿಂತಿತ್ತು.

ಅದನ್ನು ಸರಿಪಡಿಸಿ ಪ್ಲಗ್‌ಗಳನ್ನು ಶುಚಿಗೊಳಿಸಿದ ಬಳಿಕವೂ ಎರಡನೆಯ ಸಿಲಿಂಡರ್ ಆಗಾಗ ತಪ್ಪುತ್ತಿತ್ತು. ಅದರ ಪ್ಲಗ್ಗನ್ನು ಮೂರನೆಯದಕ್ಕೆ ಹಾಕಿದರೂ ದೋಷ ಅಲ್ಲಿಗೆ ಹೋಗಲಿಲ್ಲ; ಅಂದರೆ ತಪ್ಪು ಪ್ಲಗ್ಗಿನದಲ್ಲ. ಹೊಸ ಪ್ಲಗ್ ಕೊಳ್ಳುವ ಮುನ್ನ ಈ ಅದಲುಬದಲು ಮಾಡುವುದು ಲೇಸು. ಕತ್ತಲಲ್ಲಿ ಬಾನೆಟ್ ಎತ್ತಿದಾಗ, ಆ ಸಿಲಿಂಡರಿನ ಪ್ಲಗ್ ವೈರಿನ ಬಿರುಕಿನಿಂದ ಕಿಡಿ ಹೊರಗೆ ಹಾರುವುದು ಕಂಡಿತು. ವೈರುಗಳನ್ನು ಬದಲಾಯಿಸಿದ ಮೇಲೆ ಕಾರು ಏರನ್ನು ಒಂದೇ ಸಮನೆ ಹತ್ತುತ್ತಿದೆ.