ಬಿಸಿಗಾಳಿಗೆ ಕಡತ ಸಿದ್ಧಪಡಿಸುವುದು ಹೇಗೆ?

ನೆರೆ ಬಂದರೆ ಕೊಚ್ಚಿಹೋದ ಮನೆ ಕಣ್ಣಿಗೆ ಕಾಣುತ್ತದೆ, ಪರಿಹಾರದ ಕಡತವೂ ಓಡಾಡುತ್ತದೆ. ಬಿಸಿಗಾಳಿ ಹಾಗಲ್ಲ. ಅದಕ್ಕೆ ಬಲಿಯಾದವರ ಮರಣ ಪ್ರಮಾಣಪತ್ರದಲ್ಲಿ ಹೃದಯಾಘಾತವೆಂದೋ ಮೂತ್ರಪಿಂಡ ವೈಫಲ್ಯವೆಂದೋ ಬರೆದಿರುತ್ತದೆ. 2003ರ ಆಗಸ್ಟ್‌ನಲ್ಲಿ ಫ್ರಾನ್ಸ್ ಒಂದರಲ್ಲೇ ಬಿಸಿಗಾಳಿಗೆ ಸುಮಾರು 15,000 ಮಂದಿ ಸತ್ತರು. ಅದು ರಜೆಯ ತಿಂಗಳು. ಅಧಿಕಾರಿಗಳು, ವೈದ್ಯರು ಅನೇಕರು ಊರಲ್ಲಿರಲಿಲ್ಲ. ಮರುವರ್ಷವೇ ಅಲ್ಲಿ ರಾಷ್ಟ್ರೀಯ ಬಿಸಿಗಾಳಿ ಯೋಜನೆ ಜಾರಿಗೆ ಬಂತು. ಹವಾಮಾನ ಬದಲಾವಣೆ ಎಂಬ ದೊಡ್ಡ ಮಾತನ್ನು ಸರ್ಕಾರಿ ಕಚೇರಿಯ ಮೇಜಿಗೆ ಇಳಿಸಿಕೊಳ್ಳಬೇಕೆಂದರೆ ಇಂಥದೊಂದು ಯೋಜನೆಯಿಂದ ಶುರುಮಾಡಬಹುದು.

ಮೊದಲ ಕೆಲಸ: ಮರಣ ನೋಂದಣಿ ತೆರೆಯಿರಿ

ಕನಿಷ್ಠ ಐದಾರು ವರ್ಷಗಳ ಬೇಸಿಗೆಯ ಸಾವುಗಳನ್ನು ದಿನವಾರು ಬರೆದುಕೊಳ್ಳಿ. ಪಕ್ಕದಲ್ಲಿ ಆಯಾ ದಿನದ ಗರಿಷ್ಠ ಉಷ್ಣಾಂಶ, ರಾತ್ರಿಯ ಕನಿಷ್ಠ ಉಷ್ಣಾಂಶ, ತೇವಾಂಶ. ಸಾವಿನ ಕಾರಣ ಏನೆಂದು ಬರೆದಿದ್ದಾರೆ ಎಂಬುದನ್ನು ಸದ್ಯಕ್ಕೆ ಬಿಡಿ. ಎಂದಿನ ಸರಾಸರಿಗಿಂತ ಎಷ್ಟು ಹೆಚ್ಚಾಗಿವೆ ಎಂಬುದಷ್ಟೇ ನೋಡಿ. ರಾತ್ರಿಯ ಅಂಕಣವನ್ನು ಮರೆಯಬೇಡಿ. ಹಗಲು ಬೆಂದ ದೇಹಕ್ಕೆ ರಾತ್ರಿಯೂ ತಂಪು ಸಿಗದಿದ್ದಾಗ ಅಪಾಯ ಏರುತ್ತದೆ.

ಎರಡನೆಯದು: ಗೆರೆ ಎಳೆಯಿರಿ

ಯಾವ ಉಷ್ಣಾಂಶ ದಾಟಿದರೆ ಸಾವು ಏರುತ್ತದೆ ಎಂಬುದು ಊರಿಂದ ಊರಿಗೆ ಬೇರೆ. ಒಣ ಪ್ರದೇಶ 42 ಡಿಗ್ರಿ ತಾಳಿಕೊಂಡೀತು, ಕರಾವಳಿಯಲ್ಲಿ 38ಕ್ಕೇ ಜನ ಕುಸಿಯಬಹುದು. 2010ರ ಮೇ ತಿಂಗಳ ಭೀಕರ ಬಿಸಿಗಾಳಿಯ ನಂತರ ಅಹಮದಾಬಾದ್ ತನ್ನದೇ ಲೆಕ್ಕ ನೋಡಿ 2013ರಲ್ಲಿ ಯೋಜನೆ ಮಾಡಿಕೊಂಡಿತು; ಅದರಲ್ಲಿ 45 ಡಿಗ್ರಿ ಮುಟ್ಟಿದರೆ ಕೆಂಪು ಎಚ್ಚರಿಕೆ. ಆ ಸಂಖ್ಯೆಯನ್ನು ನಕಲು ಮಾಡಬೇಡಿ, ಲೆಕ್ಕ ಹಾಕಿದ ಕ್ರಮವನ್ನು ಬೇಕಾದರೆ ತೆಗೆದುಕೊಳ್ಳಿ.

ಮೂರನೆಯದು: ಒಂದು ವಾಕ್ಯ ಹೊಡೆದುಹಾಕಿ

‘ಸಂಬಂಧಪಟ್ಟವರು ಅಗತ್ಯ ಕ್ರಮ ಕೈಗೊಳ್ಳತಕ್ಕದ್ದು.’ ಸುತ್ತೋಲೆಗಳ ಈ ಮುದ್ದಿನ ವಾಕ್ಯ ಯೋಜನೆಯಲ್ಲಿ ಎಲ್ಲಿದ್ದರೂ ಅಲ್ಲೊಂದು ತೂತಿದೆ ಎಂದೇ ಅರ್ಥ. ಸಂಬಂಧಪಟ್ಟವರು ಯಾರೆಂದು ಕೇಳಿ ನೋಡಿ, ಐದು ಇಲಾಖೆಗಳು ಒಂದನ್ನೊಂದು ನೋಡುತ್ತವೆ. ಅದರ ಬದಲು ಹುದ್ದೆ, ಗಂಟೆ, ಕೆಲಸ ಮೂರನ್ನೂ ಬರೆಯಿರಿ. ಕೆಂಪು ಎಚ್ಚರಿಕೆ ಬಂದ ಎರಡು ಗಂಟೆಯೊಳಗೆ ಆರೋಗ್ಯಾಧಿಕಾರಿ ಆಸ್ಪತ್ರೆಗಳಲ್ಲಿ ಐಸ್, ಓಆರ್‌ಎಸ್ ದಾಸ್ತಾನು ಖಚಿತಪಡಿಸಬೇಕು. ವಿದ್ಯುತ್ ಎಂಜಿನಿಯರ್ ಆ ದಿನ ಯಾವ ನಿರ್ವಹಣಾ ಕಾಮಗಾರಿಗೂ ಕರೆಂಟ್ ತೆಗೆಯಬಾರದು. ಕಟ್ಟಡ ಕಾಮಗಾರಿಗಳಲ್ಲಿ ಮಧ್ಯಾಹ್ನದ ಕೆಲಸ ನಿಂತಿದೆಯೇ ಎಂದು ಕಾರ್ಮಿಕ ನಿರೀಕ್ಷಕರು ಸ್ಥಳಕ್ಕೆ ಹೋಗಿ ನೋಡಬೇಕು. ಒಂಟಿಯಾಗಿರುವ ವೃದ್ಧರ ಪಟ್ಟಿ ಯಾರ ಕೈಯಲ್ಲಿದೆ, ಬಾಗಿಲು ತಟ್ಟುವವರು ಯಾರು ಎಂಬುದೂ ಅದೇ ಹಾಳೆಯಲ್ಲಿರಲಿ. ಎಲ್ಲ ಸೇರಿ ಒಂದೇ ಹಾಳೆ. ಇನ್ನೂರು ಪುಟದ ಯೋಜನೆಯನ್ನು ಕೆಂಪು ಎಚ್ಚರಿಕೆಯ ಬೆಳಿಗ್ಗೆ ಯಾರೂ ತಿರುವಿಹಾಕುವುದಿಲ್ಲ.

ಇನ್ನೊಂದು ಮಾತು. ಗೆರೆ ದಾಟಿದ ಕೂಡಲೇ ಈ ಕೆಲಸಗಳು ಶುರುವಾಗಬೇಕು, ಮೇಲಿನ ಅನುಮತಿಗೆ ಕಾಯಬಾರದು. ಹಾಗೆಂದು ಆದೇಶ ಮೊದಲೇ ಹೊರಟಿರಲಿ. ತಪ್ಪು ಎಚ್ಚರಿಕೆ ಕೊಟ್ಟವರಿಗೆ ನೋಟಿಸ್ ಜಾರಿಯಾಗುವ ಕಚೇರಿಯಲ್ಲಿ ಸರಿಯಾದ ಎಚ್ಚರಿಕೆಯೂ ತಡವಾಗಿಯೇ ಬರುತ್ತದೆ.

ಹಣದ ಬಾಬತ್ತು

ಬಿಸಿಗಾಳಿ ಕೆಲವೇ ದಿನ, ಟೆಂಡರ್ ಪ್ರಕ್ರಿಯೆ ತಿಂಗಳುಗಟ್ಟಲೆ. ಆದ್ದರಿಂದ ಟ್ಯಾಂಕರ್, ನೆರಳು ಚಪ್ಪರ, ಔಷಧಿಯ ದರ ಒಪ್ಪಂದಗಳು ಚಳಿಗಾಲದಲ್ಲೇ ಮುಗಿದಿರಲಿ. ತುರ್ತು ಖರ್ಚಿನ ಅಧಿಕಾರ ಕೆಳಹಂತದವರಿಗೂ ಇರಲಿ, ಮಿತಿ ಎಷ್ಟೆಂದು ಬರೆದೇ ಇರಲಿ. ಆಡಿಟ್ ಭಯಕ್ಕೆ ಅದೇ ಮದ್ದು.

ವರ್ಗಾವಣೆ ಬಂದರೆ?

ಬಂದೇ ಬರುತ್ತದೆ. ಹಾಗಾಗಿ ಹಾಳೆಯಲ್ಲಿ ವ್ಯಕ್ತಿಯ ಹೆಸರು ಬೇಡ, ಹುದ್ದೆ ಸಾಕು. ಚಾರ್ಜ್ ಹಸ್ತಾಂತರದ ಪಟ್ಟಿಯಲ್ಲಿ ಈ ಹಾಳೆಯೂ ಸೇರಲಿ. ಬೇಸಿಗೆಗೆ ತಿಂಗಳಿರುವಾಗ ಒಂದು ಅಣಕು ಕಾರ್ಯಾಚರಣೆ ಮಾಡಿ, ಅದೂ ಭಾನುವಾರ. ಎಷ್ಟು ಫೋನ್ ನಂಬರ್ ಸತ್ತಿವೆ ಎಂಬುದು ಆಗಲೇ ಗೊತ್ತಾಗುವುದು.

ಮಳೆ ಬಿದ್ದ ಮೇಲೆ

ಮರಣ ನೋಂದಣಿ ಮತ್ತೆ ತೆರೆಯಿರಿ. ಗೆರೆಯ ಕೆಳಗೇ ಸಾವು ಹೆಚ್ಚಿದ್ದರೆ ಗೆರೆ ತಗ್ಗಿಸಿ. ಹವಾಮಾನದ ‘ಸಾಮಾನ್ಯ’ ಎಂಬ ಲೆಕ್ಕ 30 ವರ್ಷಗಳ ಸರಾಸರಿಯ ಮೇಲೆ ನಿಂತದ್ದು. ಭೂಮಿ ಬಿಸಿಯಾಗುತ್ತಿರುವಾಗ ಆ ಸರಾಸರಿ ಇಂದಿನ ಬೇಸಿಗೆಗಿಂತ ಹಿಂದೆಯೇ ಉಳಿಯುತ್ತದೆ. ಯಾವ ಓಣಿಯಲ್ಲಿ ಹೆಚ್ಚು ಮಂದಿ ಹೋದರು ಎಂದು ನಕ್ಷೆಯಲ್ಲಿ ಗುರುತು ಹಾಕಿ. ಮುಂದಿನ ವರ್ಷದ ಮರ, ಕುಡಿಯುವ ನೀರು, ಚಾವಣಿಗೆ ಬಿಳಿ ಬಣ್ಣದ ಅಂದಾಜುಪಟ್ಟಿ ಆ ಓಣಿಯಿಂದಲೇ ಶುರುವಾಗಲಿ.